ಬಂದ ಅಂಕಿಯನ್ನೇ ಬರೆಯಿರಿ ಎನ್ನುವ ಕನ್ನಪ್ಪ

ಬೆಳಗಿನ ಆರು ಗಂಟೆ. ಲಿಂಗನಮಕ್ಕಿ ಅಣೆಕಟ್ಟಿನ ಬಳಿಯ ಪುಟ್ಟ ಸಂಶೋಧನಾಲಯದಲ್ಲಿ ಕನ್ನಪ್ಪನವರು ಕಿಟಕಿಗಳನ್ನು ಒಂದೊಂದಾಗಿ ಮುಚ್ಚುತ್ತಿದ್ದಾರೆ. ಗಾಳಿ ನುಗ್ಗಿದರೆ ಲೋಲಕದ ಗುಂಡು ಅಡ್ಡಾದಿಡ್ಡಿ ತೂಗುತ್ತದೆ. ಎಂಟು ಮೇಜು, ಎಂಟು ದಾರ, ಎಂಟು ಹಿತ್ತಾಳೆಯ ಗುಂಡು. ಪ್ರತಿಯೊಂದನ್ನೂ ನೂರು ಸೆಂಟಿಮೀಟರಿಗೆ ತಂದು ಗಂಟು ಹಾಕುತ್ತಾರೆ; ಅಳೆದದ್ದನ್ನೇ ಮತ್ತೆ ಅಳೆಯುತ್ತಾರೆ. ಎಂಟಕ್ಕೆ ಮೇಷ್ಟ್ರುಗಳ ಬಸ್ಸು ಬರುತ್ತದೆ.

ಸಾಗರ, ಹೊಸನಗರ, ತೀರ್ಥಹಳ್ಳಿಯ ಹೈಸ್ಕೂಲುಗಳಲ್ಲಿ ಭೌತಶಾಸ್ತ್ರ ಕಲಿಸುವವರು ಮೂರು ದಿನ ಇಲ್ಲಿದ್ದು ತಾವೇ ಪ್ರಯೋಗ ಮಾಡುವ ಶಿಬಿರಕ್ಕೆ ಇದು ಮೂರನೆಯ ವರ್ಷ. ಕೊನೆಯದೂ ಇದೇ. ಅಣೆಕಟ್ಟಿನ ಕೆಲಸ ಮುಗಿದಿರುವುದರಿಂದ ಬರುವ ಬೇಸಿಗೆಗೆ ಸಂಶೋಧನಾಲಯ ಬೇರೆಡೆಗೆ ಹೋಗುತ್ತದೆ. ಉಪನ್ಯಾಸ ಕೊಡುವವರು ವಿಜ್ಞಾನಿಗಳು. ಮೇಜಿನ ಪಕ್ಕ ನಿಂತು ಮಾಡಿಸುವವರು ಅಟೆಂಡರ್ ಕನ್ನಪ್ಪ. ಅಚ್ಚಾದ ಕಾರ್ಯಕ್ರಮದಲ್ಲಿ ಅವರ ಹೆಸರಿಲ್ಲ.

ಅವರು ಓದಿದ್ದು ಎರಡನೇ ಕ್ಲಾಸು. ಅಕ್ಷರ ಮರೆತಿದೆ, ಅಂಕಿ ಉಳಿದಿದೆ. ಅವರ ಊರು ಈಗ ಹಿನ್ನೀರಿನ ತಳದಲ್ಲಿದೆ. ಕಲ್ಲು ಹೊರಲು ಬಂದ ಅವರನ್ನು ಕಾಂಕ್ರೀಟಿನ ಗಟ್ಟಿತನ ಪರೀಕ್ಷಿಸುವ ಯಂತ್ರದ ಮುಂದೆ ನಿಲ್ಲಿಸಿದರು. "ತುಂಡು ಎಷ್ಟಕ್ಕೆ ಒಡೀತೋ ಅಷ್ಟೇ ಬರೀಬೇಕು. ಚೆಂದ ಕಾಣ್ಲಿ ಅಂತ ಜಾಸ್ತಿ ಬರೆದ್ರೆ ನೀರು ಸುಮ್ನಿರುತ್ತಾ?" ಎನ್ನುತ್ತಾರೆ. ಹೇಳುವಾಗ ಅವರ ಮುಖದಲ್ಲಿ ನಗುವಿಲ್ಲ.

ಲೋಲಕದ ಸರದಿ ಬರುತ್ತದೆ. ಸಾಗರದ ಮೂಕಾಂಬಿಕಾ ಟೀಚರ್ ಗುಂಡನ್ನು ಮುಟ್ಟಲು ಹಿಂಜರಿಯುತ್ತಾರೆ. "ನಮ್ಮ ಶಾಲೇಲಿ ಇದು ಬೀರುವಿನಿಂದ ಹೊರಗೆ ಬರೋದು ಆಯುಧಪೂಜೆಗೆ ಮಾತ್ರ. ಕುಂಕುಮ ಹಚ್ಚಿ ಮತ್ತೆ ಬೀಗ ಹಾಕ್ತೀವಿ."

"ಮಂಗಳಾರತಿ ಹೊತ್ತಿಗಾದ್ರೂ ಒಂದ್ಸಲ ತೂಗಿಸಿ ಟೀಚರಮ್ಮ," ಎನ್ನುತ್ತಾರೆ ಕನ್ನಪ್ಪ. ಎಲ್ಲರೂ ನಗುತ್ತಾರೆ.

ಪಕ್ಕದ ಮೇಜಿನಲ್ಲಿ ತೀರ್ಥಹಳ್ಳಿಯ ಮುಕುಂದಯ್ಯ ಮೇಷ್ಟ್ರು. ಹನ್ನೊಂದು ವರ್ಷ ಪಾಠ ಹೇಳಿದವರು ಇವತ್ತೇ ಮೊದಲು ಲೋಲಕ ಹಿಡಿದಿದ್ದಾರೆ. ಗುಂಡು ಬಿಡುತ್ತಲೇ "ಒಂದು" ಎಂದು ಎಣಿಸತೊಡಗಿ ಇಪ್ಪತ್ತಕ್ಕೆ ಗಡಿಯಾರ ನಿಲ್ಲಿಸುತ್ತಾರೆ. ಲೆಕ್ಕ ಹಾಕಿದರೆ ಗುರುತ್ವದ ವೇಗೋತ್ಕರ್ಷ, ಸೆಂಟಿಮೀಟರಿನ ಲೆಕ್ಕದಲ್ಲಿ, 1086. ಅತ್ತಿತ್ತ ನೋಡಿ, ಅದನ್ನು ಹೊಡೆದುಹಾಕಿ 980 ಎಂದು ಬರೆಯುತ್ತಾರೆ.

"ಮೇಷ್ಟ್ರೆ, ಹೊಡೆದುಹಾಕಿದ್ರಲ್ಲ, ಅದೇ ಬೇಕಿತ್ತು," ಎನ್ನುತ್ತಾರೆ ಕನ್ನಪ್ಪ.

"ಬಿಡು ಮಾರಾಯ. ಪುಸ್ತಕದಲ್ಲಿರೋದು ಒಂಬೈನೂರ ಎಂಬತ್ತೇ ಅಲ್ವಾ?"

"ಹೌದು. ನಿಮ್ಮ ಗುಂಡು ಹಂಗೆ ಹೇಳ್ಲಿಲ್ಲ. ಭತ್ತ ಅಳೆಯುವಾಗ ಖಾಲಿ ಕೊಳಗ ಹಿಡ್ಕೊಂಡೇ ಲಾಭ ಅಂತೀರಾ?"

ಕಣದಲ್ಲಿ ಮೊದಲ ಅಳತೆಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಮುಕುಂದಯ್ಯನವರು ಯೋಚಿಸಿ, "ಇಲ್ಲ. ತುಂಬಿ ಸುರಿದ ಮೇಲೆ," ಎನ್ನುತ್ತಾರೆ.

"ಇದೂ ಹಂಗೇ. ಗುಂಡು ಹೋಗಿ ತಿರುಗಿ ಬಂದ್ಮೇಲೆ ಒಂದು. ನೀವು ಖಾಲಿ ಕೊಳಗ ಎಣಿಸಿದ್ರಿ."

ಮತ್ತೆ ಎಣಿಸುತ್ತಾರೆ. 984 ಬರುತ್ತದೆ. ಮುಕುಂದಯ್ಯನವರಿಗೆ ಸಂತೋಷವಾಗಬೇಕಿತ್ತು, ಅವರು ಸ್ಟೂಲಿನ ಮೇಲೆ ಕುಳಿತುಬಿಡುತ್ತಾರೆ.

"ನಮ್ಮ ಕ್ಲಾಸಿನಲ್ಲಿ ಹೂವಮ್ಮ ಅಂತ ಇದಾಳೆ. ಮನೇಲಿ ದಾರಕ್ಕೆ ಕಲ್ಲು ಕಟ್ಟಿ ಇದನ್ನೇ ಮಾಡ್ಕೊಂಡು ಬಂದಿದ್ಲು. ಅವಳಿಗೂ ಸಾವಿರದ ಮೇಲೇ ಬಂದಿತ್ತು. ಪುಸ್ತಕ ನೋಡಿ ಬರೆಯೋಕೆ ಎಂತ ಕಷ್ಟ ನಿಂಗೆ ಅಂತ ಎಲ್ಲರೆದುರು ಬೈದೆ. ಆಮೇಲೆ ಅವಳು ಏನೂ ಮಾಡ್ಕೊಂಡು ಬರ್ಲಿಲ್ಲ."

ಕನ್ನಪ್ಪ ಉಂಡೆಯಿಂದ ಮೂರು ಮೊಳ ದಾರ ಕತ್ತರಿಸಿ, ಸುತ್ತಿ, ಮೇಷ್ಟ್ರ ಪುಸ್ತಕದೊಳಗೆ ಇಡುತ್ತಾರೆ.

ಮಧ್ಯಾಹ್ನ ಊಟದ ಹೊತ್ತಿನಲ್ಲಿ ತಮ್ಮ ತಗಡಿನ ಪೆಟ್ಟಿಗೆ ತೆರೆದು ತೋರಿಸುತ್ತಾರೆ. ಹದಿನಾಲ್ಕು ಪೋಸ್ಟ್‌ಕಾರ್ಡುಗಳು. ಶಿಬಿರ ಮುಗಿಸಿ ಹೋದವರು ತಮ್ಮ ಶಾಲೆಯ ಮಕ್ಕಳಿಗೆ ಬಂದ ಅಂಕಿಯನ್ನು ಬರೆದು ಕಳಿಸಿದ್ದು. ಹೊಸನಗರದಿಂದ 962. ಸಾಗರದಿಂದ 1010. ತೀರ್ಥಹಳ್ಳಿಯಿಂದ ಇನ್ನೂ ಒಂದೂ ಬಂದಿಲ್ಲ. ಕಾರ್ಡಿನಲ್ಲಿ ಬೇರೇನು ಬರೆದಿದೆಯೆಂದು ಅವರು ಯಾರನ್ನೂ ಕೇಳಿಲ್ಲವಂತೆ.

ನಿಮ್ಮ ಆಸೆ ಏನು ಎಂದು ಕೇಳಿದರೆ ಕಾರ್ಡುಗಳನ್ನು ಜೋಡಿಸಿ ಒಳಗಿಡುತ್ತಾರೆ. ಪೆಟ್ಟಿಗೆ ಮುಚ್ಚಿದ ಮೇಲೆ ಹೇಳುತ್ತಾರೆ:

"ಇಲ್ಲಿ ಬಾಗಿಲು ಹಾಕೋದ್ರೊಳಗೆ ಆ ಹೂವಮ್ಮಂಗೆ ಎಷ್ಟು ಬಂತು ಅಂತ ಒಂದು ಕಾರ್ಡು ಬರ್ಲಿ. ತಪ್ಪಿದ್ರೂ ಅಡ್ಡಿಲ್ಲ. ಅವಳದೇ ಆಗಿರ್ಲಿ."