ಮುನ್ನಕ್ಕನ ಅಂಗಳದಲ್ಲಿ ತಂಗುವ ಗಾಡಿಗಳು

ಬೆಳಗಿನ ಐದೂವರೆ. ರಾಮನಗರದ ಹಳೇ ರಸ್ತೆಯ ಬದಿ, ತಗಡಿನ ಶೆಡ್ಡಿನ ಮುಂದೆ, ಮುನ್ನೀ ಸ್ವೆಟರಿನ ಮೇಲೆ ದುಪಟ್ಟಾ ಬಿಗಿದುಕೊಂಡು ಬಿಳಿ ವ್ಯಾನೊಂದರ ಹಿಂದೆ ಕುಕ್ಕರುಗಾಲಲ್ಲಿ ಕೂತಿದ್ದಾರೆ. ನಿನ್ನೆ ಸಂಜೆ ಎರಡೂ ಹಿಂಚಕ್ರಗಳ ಟೈರಿನ ಮೇಲೆ, ವ್ಯಾನಿನ ಅಂಚು ಎಲ್ಲಿಗೆ ಬರುತ್ತದೋ ಅಲ್ಲಿಗೆ ಸೀಮೆಸುಣ್ಣದ ಗೆರೆ ಎಳೆದಿದ್ದರು. ಈಗ ಬೆರಳಿಟ್ಟು ಅಳೆಯುತ್ತಾರೆ. ಬಲಗಡೆ ಇದ್ದಹಾಗೇ ಇದೆ. ಎಡಗಡೆ ನಾಲ್ಕು ಬೆರಳು ಕುಸಿದಿದೆ.

"ರಾತ್ರಿಯೆಲ್ಲಾ ಉಸ್ರು ಬುಟ್ಟೈತೆ," ಎನ್ನುತ್ತಾರೆ, ಮಗುವಿನ ಹಣೆ ಮುಟ್ಟಿ ಜ್ವರ ನೋಡಿದವರ ಹಾಗೆ.

ಈ ಹಳೆಯ ವ್ಯಾನಿನ ಹಿಂಭಾಗ ಕಬ್ಬಿಣದ ಸ್ಪ್ರಿಂಗ್ ಪಟ್ಟಿಗಳ ಮೇಲೆ ಕೂತಿಲ್ಲ. ಗಾಳಿ ತುಂಬಿದ ಎರಡು ರಬ್ಬರ್ ಚೀಲಗಳ ಮೇಲೆ ಕೂತಿದೆ. ಡ್ರೈವರುಗಳ ಬಾಯಲ್ಲಿ ಅದು ಬಲೂನು. ಮಾಗಡಿಯ ಸಿದ್ದರಾಮು ವಾರಕ್ಕೆ ಮೂರು ದಿನ ನಾಲ್ಕು ಮಂದಿ ಡಯಾಲಿಸಿಸ್ ರೋಗಿಗಳನ್ನು ಇದರಲ್ಲೇ ರಾಮನಗರದ ಆಸ್ಪತ್ರೆಗೆ ಕರೆತರುತ್ತಾರೆ. ಎರಡು ತಿಂಗಳಿಂದ ಬೆಳಗಾದರೆ ಗಾಡಿ ಒಂದು ಮಗ್ಗುಲಿಗೆ ವಾಲಿರುತ್ತದೆ. ಎರಡು ಗ್ಯಾರೇಜಿನವರು ಮಧ್ಯಾಹ್ನ ನೋಡಿ, ಎಲ್ಲೂ ಸೋರುತ್ತಿಲ್ಲ ಎಂದು ಗಾಳಿ ತುಂಬುವ ಕಂಪ್ರೆಸರನ್ನೇ ಬದಲಾಯಿಸಿ ಕಳಿಸಿದ್ದಾರೆ. ಕಾಯಿಲೆ ಬರುವುದು ಬೆಳಗಿನ ಜಾವ, ಡಾಕ್ಟರು ನೋಡುವುದು ಮಧ್ಯಾಹ್ನ. ಸಿಗುವುದಾದರೂ ಹೇಗೆ?

"ಓಡಾಡಿ ಬಿಸಿಯಾದ್ಮೇಲೆ ಸೋರೋ ಜಾಗ ತಾನೇ ಮುಚ್ಕೊಂಡ್ಬುಡ್ತದೆ. ಚಳಿಗೆ ಮತ್ತೆ ಬಾಯಿ ಬಿಡ್ತದೆ. ಪಾಪ, ಆ ಕಂಪ್ರೆಸರು ಗಾಳಿ ತುಂಬಿ ತುಂಬಿ ಸುಸ್ತಾಗಿತ್ತು. ಅದ್ನ ಬೈದು ಏನ್ ಬಂತು?" ಎನ್ನುತ್ತಾರೆ ಮುನ್ನೀ. ಅದಕ್ಕೇ ಇಲ್ಲಿಗೆ ಬಂದ ಗಾಡಿ ಒಂದು ರಾತ್ರಿ ತಂಗಲೇಬೇಕು.

ಊರಿನ ನೆಂಟರ ಮನೆಯಲ್ಲಿ ಮಲಗಿದ್ದ ಸಿದ್ದರಾಮು ಅಷ್ಟರಲ್ಲಿ ಬಂದು ನಿಲ್ಲುತ್ತಾರೆ. ಎಂಟೂವರೆಗೆ ಮಾಗಡಿಯಲ್ಲಿರಬೇಕು. "ಇವತ್ತೂ ಸಿಗ್ಲಿಲ್ಲ ಅಂದ್ರೆ ಬಲೂನ್ ಕಿತ್ತಾಕಿ ಪಟ್ಟಿ ಹಾಕಿಸ್ಬುಡ್ತೀನಿ ಅಕ್ಕ. ದೊಡ್ಡಲಕ್ಷ್ಮಮ್ಮ ಅಂತ ಒಬ್ರವ್ರೆ, ಮೂಳೆ ನೋವು. ಪಟ್ಟಿ ಗಾಡಿ ಎತ್ತಾಕುದ್ರೆ ಅತ್ತೇಬುಡ್ತಾರೆ. ಆದ್ರೂ ಏನ್ ಮಾಡ್ಲಿ?"

ಮುನ್ನೀ ಮೆಕ್ಯಾನಿಕ್ ಕೆಲಸ ಕಲಿತವರಲ್ಲ. ಇಪ್ಪತ್ಮೂರು ವರ್ಷ ರೇಷ್ಮೆ ರೀಲಿಂಗ್ ಮಾಡಿದವರು. ಬಿಸಿನೀರಲ್ಲಿ ಬೆಂದ ಗೂಡಿನಿಂದ ಕಣ್ಣಿಗೆ ಕಾಣದ ಎಳೆಯ ತುದಿಯನ್ನು ಬೆರಳಲ್ಲೇ ಹುಡುಕಿ ತೆಗೆಯುತ್ತಿದ್ದರು. ಗಂಡ ಸಾಬೀರ್ ಶೆಡ್ಡು ಹಾಕಿದಾಗ, ಕಣ್ಣು ಹೋಗದ ಸಂದಿಯಲ್ಲಿ ಸೋರುವ ಗಾಳಿಯನ್ನೂ ಅದೇ ಬೆರಳು ಹುಡುಕಿತು. ಹುಡುಕುವುದು ಇವರು, ಬಿಚ್ಚಿ ಕಟ್ಟುವುದು ಅವರು. ಹೆಸರು ಮಾತ್ರ ಸಾಬೀರ್ ಅವರದು, ಬೋರ್ಡಿನ ಮೇಲೂ.

ಮೂರು ವರ್ಷದ ಕೆಳಗೆ ಸಾಬೀರ್ ಎದೆನೋವು ಬಂದು ತೀರಿಕೊಂಡರು. ಮಕ್ಕಳಿಲ್ಲ. ಬಿಚ್ಚಿ ಕಟ್ಟುವುದೂ ಈಗ ಮುನ್ನೀಯವರದೇ. ಸಾಬೀರ್ ಇದ್ದಾಗ ರಾತ್ರಿಗೆ ನಾಲ್ಕು ಗಾಡಿ ತಂಗುತ್ತಿದ್ದ ಅಂಗಳದಲ್ಲಿ ಈಗ ವಾರಕ್ಕೆ ಎರಡಾದರೆ ಹೆಚ್ಚು. "ಸಾಬೀರ್ ಭಾಯ್ ಇಲ್ವಾ?" ಎಂದು ಕೇಳಿ, ಇಲ್ಲ ಎಂದಾಗ ರಿವರ್ಸ್ ಹೊಡೆದು ಹೋಗುವವರೇ ಜಾಸ್ತಿ. ಒಂಟಿತನವನ್ನು ಮುನ್ನೀ ಮುಚ್ಚಿಡುವುದಿಲ್ಲ. "ಅಂಗ್ಳದಲ್ಲಿ ಗಾಡಿ ನಿಂತಿದ್ರೆ ಮನೇಲಿ ಯಾರೋ ಅವ್ರೆ ಅನ್ಸ್ತದೆ. ಒಸಿ ನಿದ್ದೆ ಬತ್ತದೆ."

ಅವರು ಮುಚ್ಚಿಟ್ಟಿರುವುದು ಬೇರೆ. ಆರು ತಿಂಗಳಿಂದ ಬೆರಳ ತುದಿಗಳು ಮರಗಟ್ಟುತ್ತಿವೆ. ಸಕ್ಕರೆ ಕಾಯಿಲೆ ಎಂದರು ಡಾಕ್ಟರು. ಸುಡುವ ಟೀ ಲೋಟವೂ ಈಗ ಬೆರಳಿಗೆ ತಿಳಿಯುವುದಿಲ್ಲ. ಗಾಳಿ ಹುಡುಕುವ ಕೈಗೆ ಗಾಳಿಯೇ ತಿಳಿಯದಿದ್ದರೆ ಶೆಡ್ಡಿನ ಬಾಗಿಲು ಹಾಕಿದಂತೆಯೇ. ಯಾವ ಡ್ರೈವರಿಗೂ ಇದನ್ನು ಹೇಳಿಲ್ಲ.

ಜ್ಯಾಕ್ ಕೊಟ್ಟು, ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಗಾಡಿಯನ್ನು ಭದ್ರವಾಗಿ ಕೂರಿಸಿ, ಗಾಳಿ ತುಂಬಿಸುತ್ತಾರೆ. ಕಣ್ಣಿಗೆ ಕಾಣುವ ಕಡೆಗೆಲ್ಲ ಸೋಪಿನ ನೊರೆ ಬಳಿಯುತ್ತಾರೆ. ಒಂದು ಗುಳ್ಳೆಯೂ ಏಳುವುದಿಲ್ಲ. ಉಳಿದದ್ದು ಬಲೂನಿನ ನೆತ್ತಿ, ಪೈಪು ಬಂದು ಸೇರುವ ಜಾಗ. ಅಲ್ಲಿಗೆ ಕೈ ಮಾತ್ರ ಹೋಗುತ್ತದೆ. ಕೈ ತೂರಿಸಿ ಒಂದು ಸುತ್ತು ಸವರುತ್ತಾರೆ. ಏನೂ ಇಲ್ಲ. ಇನ್ನೊಂದು ಸುತ್ತು. ಊಹೂಂ. ಸಿದ್ದರಾಮು ಮೊಬೈಲಿನಲ್ಲಿ ಗಂಟೆ ನೋಡುತ್ತಾರೆ. ಮುನ್ನೀ ಕೈ ಹೊರಗೆ ತೆಗೆದು, ಬೆರಳುಗಳನ್ನು ನೋಡಿಕೊಳ್ಳುತ್ತಾರೆ.

"ಮುಗೀತು ಅನ್ಕಂಡೆ. ಭಯ ಆಯ್ತು," ಎಂದು ಕೆಲಸವೆಲ್ಲ ಮುಗಿದ ಮೇಲೆ ಒಪ್ಪಿಕೊಳ್ಳುತ್ತಾರೆ.

ಆಮೇಲೆ ಸ್ವೆಟರಿನ ತೋಳು ಮೇಲೆ ಸರಿಸಿ, ಮಣಿಕಟ್ಟಿನ ಒಳಮೈಯನ್ನು ನೀರಲ್ಲಿ ಅದ್ದಿ, ಕೈಯನ್ನು ಮಗುಚಿ ತೂರಿಸುತ್ತಾರೆ. ಮೂರು ವರ್ಷದ ಹಿಂದಿನವರೆಗೂ ಗಾಜಿನ ಬಳೆಗಳಿದ್ದ ಜಾಗ ಅದು. ಇನ್ನೂ ಬಣ್ಣ ಬೇರೆಯೇ ಇದೆ. ನಿಧಾನವಾಗಿ ಸರಿಸುತ್ತಾ ಹೋದ ಕೈ ಒಂದು ಕಡೆ ನಿಲ್ಲುತ್ತದೆ. ಒದ್ದೆ ಚರ್ಮದ ಮೇಲೆ ಎಳೆಯಷ್ಟು ತೆಳ್ಳಗೆ, ತಣ್ಣಗೆ ಏನೋ ಹಾಯುತ್ತಿದೆ.

"ಸಿಗ್ತು ಕಣಪ್ಪ. ಬಲೂನ್ ಚೆನ್ನಾಗೈತೆ, ಪೈಪಿನ ತುದಿ ಸವ್ದೋಗೈತೆ," ಎನ್ನುತ್ತಾರೆ. ಮತ್ತೆ, ತಮಗೇ ಹೇಳಿಕೊಂಡಂತೆ, "ಬಳೆ ಇದ್ದಿದ್ರೆ ಈ ಕೈ ಅಲ್ಲಿಗೆ ಹೋಗ್ತಾನೇ ಇರ್ಲಿಲ್ಲ."

ಗಾಳಿ ಇಳಿಸಿ, ಪೈಪಿನ ತುದಿಯನ್ನು ಒಂದು ಅಂಗುಲ ನೇರಕ್ಕೆ ಕತ್ತರಿಸಿ, ಮತ್ತೆ ಒಳಗೆ ಒತ್ತಿ ಕೂರಿಸುವುದು ಹತ್ತು ನಿಮಿಷದ ಕೆಲಸ. ಗಾಡಿ ಕೆಳಗಿಳಿಸಿ, ಹೊಸ ಗೆರೆ ಎಳೆದು ಅರ್ಧ ಗಂಟೆ ಕಾಯುತ್ತಾರೆ. ಒಂದು ಕೂದಲೆಳೆಯಷ್ಟೂ ಕುಸಿದಿಲ್ಲ.

"ಇನ್ನೊಂದ್ಸಲ ಹಿಂಗಾದ್ರೆ ಸೀದಾ ನಿಮ್ತಾವ್ಕೇ ಬತ್ತೀನಿ ಮುನ್ನಕ್ಕ," ಎನ್ನುತ್ತಾರೆ ಸಿದ್ದರಾಮು, ಸೀಟಿನ ಮೇಲೆ ಕೂರುತ್ತಾ.

"ನಾನ್ ಮಾಡಿದ್ದು ತಿರ್ಗಾ ಬರಾಕಿಲ್ಲ," ಎನ್ನುತ್ತಾರೆ ಮುನ್ನೀ. ಆ ಮಾತಿನಲ್ಲಿ ಹೆಮ್ಮೆ ಇದೆ. ಕೆಲಸ ಚೆನ್ನಾಗಿ ಮಾಡಿದಷ್ಟೂ ಅಂಗಳ ಖಾಲಿಯಾಗುತ್ತದೆ ಎಂಬುದೂ ಅವರಿಗೆ ಗೊತ್ತಿದೆ. ವ್ಯಾನು ಹೊರಳಿ ರಸ್ತೆಗೆ ಇಳಿಯುವ ಹೊತ್ತಿಗೆ ನಾಲ್ಕು ಹೆಜ್ಜೆ ಓಡಿಹೋಗಿ ಕಿಟಕಿ ತಟ್ಟುತ್ತಾರೆ.

"ಗಾಡಿ ಚೆನ್ನಾಗಿದ್ದಾಗ್ಲೂ ಒಂದಿನ ನಿಲ್ಸಪ್ಪ. ಟೀ ಮಾಡ್ಕೊಡ್ತೀನಿ."