ಚೀಲದ ಬುಡ ತಟ್ಟಿ ನೋಡಿ

ಗೋಣಿಚೀಲ ತಟ್ಟಿದ್ದಕ್ಕೆ ಜರ್ಮನಿಯಲ್ಲಿ ಬೈಸಿಕೊಂಡ ಗುಂಡ್ಲುಪೇಟೆಯವಳು ಬಹುಶಃ ನಾನೊಬ್ಬಳೇ.

ಇಲ್ಲಿ ನಾನು ಓದುತ್ತಿರುವ ಕೋರ್ಸಿನಲ್ಲಿ ಕಲೆಯ ಬಗ್ಗೆಯೂ ಒಂದು ಪೇಪರ್ ಇದೆ. (ಯಾಕೆ ತೆಗೆದುಕೊಂಡೆ? ಸುಲಭ ಅಂತ ಸೀನಿಯರ್ ಒಬ್ಬಳು ಹೇಳಿದ್ದಳು. ಈಗ ಫೋನ್ ಎತ್ತುತ್ತಿಲ್ಲ.) ಕಳೆದ ವಾರ ಮೇಡಂ ನಮ್ಮನ್ನು ಆರ್ಟ್ ಮ್ಯೂಸಿಯಂಗೆ ಕರೆದೊಯ್ದರು. ಇಷ್ಟ ಬಂದ ಒಂದು ಕಲಾಕೃತಿ ಆರಿಸಿ, ಎರಡು ಗಂಟೆಗೆ ಅದರ ಮುಂದೆ ನಿಂತು ಐದು ನಿಮಿಷ ಮಾತಾಡಬೇಕು. ಅದಕ್ಕೇ ಮಾರ್ಕ್ಸ್. ಹಿಂದಿನ ಟೆಸ್ಟಿನಲ್ಲಿ ಮುಗ್ಗರಿಸಿದ್ದ ನಾನು ಇದರಲ್ಲೂ ಮುಗ್ಗರಿಸಿದರೆ ಫೇಲ್.

ಆದರೆ ಮಾತಾಡುವುದು ನನಗೊಂದು ಕಷ್ಟವೇ? ಚಾಮರಾಜನಗರದಲ್ಲಿ ಡಿಗ್ರಿ ಓದುವಾಗ ಚರ್ಚಾಸ್ಪರ್ಧೆಯಲ್ಲಿ ಗೆದ್ದ ಕಪ್ಪುಗಳು ಮನೆ ತುಂಬ ಇವೆ. ಒಂದರಲ್ಲಿ ಅಮ್ಮ ಹುಣಸೆಹಣ್ಣು ಇಟ್ಟಿದ್ದಾಳೆ.

ಮೂರನೇ ಹಾಲ್‌ನಲ್ಲಿ ನನ್ನ ಬೇಟೆ ಸಿಕ್ಕಿತು. ನಟ್ಟನಡುವೆ, ಹಳೆಯ ತೇಪೆ ಹಾಕಿದ ಗೋಣಿಚೀಲಗಳನ್ನು ಆಳೆತ್ತರ ಒಟ್ಟಿದ್ದರು. ಅಷ್ಟೇ. ಪಕ್ಕದ ಚೀಟಿಯಲ್ಲಿ ಕಲಾವಿದರ ಹೆಸರು, ಚೀಲಗಳು ಭಾರತದಿಂದ ಬಂದವೆಂಬ ಒಂದು ಸಾಲು, ಕೆಳಗೆ 'ದುಡಿಮೆಯ ಮೌನ ಸ್ಮೃತಿ' ಎಂಬರ್ಥದ ಶೀರ್ಷಿಕೆ. ಇದು ಕಲೆಯಾದರೆ ಗುಂಡ್ಲುಪೇಟೆಯ ಈರುಳ್ಳಿ ಮಂಡಿ ಇನ್ನೇನು? 'ಇದು ಕಲೆಯಲ್ಲ' ಅಂತ ಆರು ಪಾಯಿಂಟ್ ಬರೆದುಕೊಂಡೆ. ಸಾಕ್ಷಿಯೊಂದು ಬೇಕಿತ್ತು. ಮಂಡಿಯಲ್ಲಿ ಇಪ್ಪತ್ತು ವರ್ಷದಿಂದ ಚೀಲ ಹೊಲಿಯುವ ನನ್ನ ಸೋದರಮಾವನಿಗೆ ವಿಡಿಯೋ ಕಾಲ್ ಮಾಡಿದೆ.

"ಏನಮ್ಮಿ, ಅಲ್ಲೂ ಮಂಡಿ ಅದಾ? ಲಾರಿ ಎಷ್ಟೊತ್ಗೆ ಬತ್ತದೆ?"

"ಮಂಡಿ ಅಲ್ಲ ಮಾವ, ಮ್ಯೂಸಿಯಂ. ಟಿಕೆಟ್ ತಗೊಂಡು ನೋಡ್ತಾರೆ."

"ಚೀಲಾನಾ?" ಮಾವ ನಗುತ್ತಾನೆ ಎಂದು ಕಾದೆ. ನಗಲಿಲ್ಲ. "ಒಳ್ಗೇನದೆ? ಬುಡ ತಟ್ಟು."

ನಮ್ಮ ಕಡೆ ಚೀಲದ ಬಾಯಿ ನೋಡಿ ಯಾರೂ ಮೋಸ ಹೋಗುವುದಿಲ್ಲ. ಬಾಯಲ್ಲಿ ಒಳ್ಳೆ ಈರುಳ್ಳಿ, ಬುಡದಲ್ಲಿ ಕೊಳೆತದ್ದು ಇರುತ್ತದೆಂದು ಮಂಡಿಗೆಲ್ಲ ಗೊತ್ತು. ಅದಕ್ಕೇ ಬುಡ ತಟ್ಟುವುದು. ನನ್ನ ಕೈ ನನ್ನನ್ನು ಕೇಳಲೇ ಇಲ್ಲ. ಪಟ್ ಪಟ್!

ಧೂಳೆದ್ದಿತು. ಗಾರ್ಡ್ ಹೆಂಗಸು ಓಡಿಬಂದು ಜರ್ಮನ್, ಇಂಗ್ಲಿಷ್, ಕೈಸನ್ನೆ ಹೀಗೆ ಮೂರು ಬಗೆಯಲ್ಲಿ ಬೈದಳು.

"ಯಾರಮ್ಮಿ ಅದು, ಮೇಸ್ತ್ರಿಯಾ?" ಅಂದ ಮಾವ. "ಇರ್ಲಿ ಬುಡು. ಸದ್ದು ಕೇಳ್ತು, ಒಳ್ಗೆ ಬರೀ ಉಲ್ಲು. ಆ ಮೂಲೆ ಚೀಲ ತೋರ್ಸು. ಮುಟ್ಬ್ಯಾಡ, ಫೋನ್ ಅತ್ರ ಇಡಿ."

ಹಿಡಿದೆ. ಮಾವನ ಮುಖ ಪರದೆಯಲ್ಲಿ ಅಲ್ಲಾಡದೆ ನಿಂತಿತು. ನೆಟ್‌ವರ್ಕ್ ಹೋಯಿತೆಂದುಕೊಂಡೆ. ಇಲ್ಲ, ನೋಡುತ್ತಿದ್ದ.

"ಇದ್ನ ಒಲ್ದವ್ನು ಎಡಚ ಕಣಮ್ಮಿ. ದಬ್ಬಳ ಎಡದಿಂದ ಓಗದೆ. ಇಲ್ಲಿ ನೋಡು, ದಾರ ಮುಗ್ದೋಗದೆ. ಪಂಚೆ ಅಂಚು ಅರ್ದು ಒಲ್ದವ್ನೆ. ಲಾರಿ ಆರನ್ ಒಡೀತಾ ಇತ್ತು ಅಂತ ಕಾಣ್ತದೆ."

"ನಿಂಗೆ ಹೆಂಗೆ ಗೊತ್ತು?"

"ನಾನೂ ಅಂಗೇ ಒಲ್ದಿವ್ನಿ. ಎರಡು ಪಂಚೆ ಓಗವೆ."

ಬೈಗುಳದ ಸದ್ದಿಗೆ ಮೇಡಂ ಬಂದಿದ್ದರು, ಹಿಂದೆ ಇಡೀ ಕ್ಲಾಸು. ಫೋನಿನಲ್ಲಿರುವವರು ಏನು ಹೇಳುತ್ತಿದ್ದಾರೆ ಎಂದು ಕೇಳಿದರು. ಅನುವಾದಿಸಿದೆ. ಎಲ್ಲರೂ ಬಗ್ಗಿ ಆ ಅಂಚಿನ ದಾರ ನೋಡಿದರು. ಗಾರ್ಡೂ ಬಗ್ಗಿದಳು! ಅಷ್ಟರಲ್ಲಿ ಎರಡು ಗಂಟೆಯಾಯಿತು. ನನ್ನ ಐದು ನಿಮಿಷ ಮಾವನ ಬಾಯಲ್ಲೇ ಕರಗುತ್ತಿತ್ತು. ಆರು ಪಾಯಿಂಟ್ ಕೈಯಲ್ಲಿ ಬೆವರುತ್ತಿದ್ದವು. ಫೇಲ್ ಆಗುವ ಭಯಕ್ಕೆ ನಡುವೆ ಬಾಯಿ ಹಾಕಿದೆ.

"ಮಾವ, ಒಂದೇ ಮಾತು ಹೇಳು. ಇದು ಕಲೆನಾ, ಅಲ್ವಾ?"

"ಅದೆಲ್ಲ ನಂಗೊತ್ತಿಲ್ಲ. ಒಲ್ದವ್ನ ಎಸ್ರು ಎಲ್ಲಿ ಬರ್ದವ್ರೆ?"

ಪರ, ವಿರೋಧ, ಮರುವಾದ ಎಲ್ಲಕ್ಕೂ ತಯಾರಾಗಿದ್ದೆ. ಇದಕ್ಕಲ್ಲ. ಚೀಟಿಯನ್ನು ನಾನು ಗೇಲಿ ಮಾಡಲೆಂದೇ ನಾಲ್ಕು ಸಲ ಓದಿದ್ದೆನಲ್ಲ, ಇದು ಯಾಕೆ ಹೊಳೆಯಲಿಲ್ಲ?

ಅನುವಾದಿಸಿದೆ. ಹೊಲಿದವನ ಹೆಸರು ಹುಡುಕುತ್ತ ಮೇಡಂ ಚೀಟಿ ಓದಿದರು. ಇನ್ನೊಮ್ಮೆ ಓದಿದರು. ಆಮೇಲೆ ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡರು.

"ಮುಗೀತಾ?" ಅಂದ ಮಾವ. "ಇಲ್ಲಿ ಲೋಡ್ ಬಂತು, ಮಡುಗ್ತೀನಿ."

ಸೋಮವಾರ ರಿಸಲ್ಟ್ ಬಂತು. ಪಾಸ್. ಕ್ಲಾಸಿಗೇ ಹೆಚ್ಚು ಮಾರ್ಕ್ಸ್. ಫೋನ್ ಮಾಡಿ ಹೇಳಿದೆ. "ಒಳ್ಳೇದಾಯ್ತು ಬುಡು. ಎಂಗೂ ನೀನು ಮಾತ್ಗಾರ್ತಿ ಅಲ್ವಾ!" ಅಂದ.

ಮಾತುಗಾರ್ತಿ ಆ ದಿನ ಮಾಡಿದ್ದು ಅನುವಾದವನ್ನಷ್ಟೇ. ಆದರೆ ಮಾರ್ಕ್ಸ್ ಪಟ್ಟಿಯಲ್ಲಿರುವುದು ನನ್ನ ಹೆಸರು.

ಹಾಂ, ಈ ಅಂಕಣದ ಮೇಲೂ ಯಾರ ಹೆಸರಿದೆ, ಒಮ್ಮೆ ನೋಡಿ.