ಎದಿ ಮಷೀನಿಗೆ ಹದಿನೇಳು ಹೆಸರು

ತಪ್ಪು ನನ್ನದೇ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಬೈಯಲು ನಿಮಗೂ ಸುಲಭ. ಮೊನ್ನೆ ನಮ್ಮೂರ ಪಂಚಾಯಿತಿ ಸಭೆಯಲ್ಲಿ ಹತ್ತು ನಿಮಿಷಕ್ಕೆ ಮುಗಿಯಬೇಕಿದ್ದ ಒಂದು ಒಳ್ಳೆಯ ಕೆಲಸವನ್ನು, ಬಾಯಿ ಬಿಗಿಹಿಡಿಯಲಾರದೆ, ಮಧ್ಯಾಹ್ನದ ಊಟದವರೆಗೆ ಎಳೆದವನು ನಾನು.

ವಿಷಯ ಇಷ್ಟು. ನಮ್ಮೂರಿಗೆ ಆಂಬ್ಯುಲೆನ್ಸ್ ಕುಷ್ಟಗಿಯಿಂದ ಬರಬೇಕು. ಪೊಲೀಸ್ ಜೀಪ್ ಮಾತ್ರ ದಿನವಿಡೀ ಬಸ್ ಸ್ಟ್ಯಾಂಡಿನ ಸುತ್ತಲೇ ಇರುತ್ತದೆ (ಮಿರ್ಚಿ ಬಜಿಯ ವಾಸನೆಗೆ ಅಂತ ನಾನು ಹೇಳುವುದಿಲ್ಲ). ಹೋದ ವರ್ಷ ಬಜಿ ಅಂಗಡಿ ಶಾಂತಕ್ಕನ ಗಂಡ ಬಾಣಲೆಯ ಮುಂದೆಯೇ ಕುಸಿದಾಗ, ಮೊದಲು ಓಡಿ ಬಂದವರು ಜೀಪಿನ ಸಂಗಪ್ಪ ಹವಾಲ್ದಾರರು. ಆಂಬ್ಯುಲೆನ್ಸ್ ಬರುವವರೆಗೆ ಎದೆ ಒತ್ತಿ ಒತ್ತಿ ಜೀವ ಉಳಿಸಿದರು. "ಇನ್ನೊಮ್ಮೆ ಹೀಗಾಗಬಹುದು. ಆಗ ಬರೀ ಕೈ ಸಾಲದು" ಎಂದರಂತೆ ಕೊಪ್ಪಳದ ಡಾಕ್ಟರು.

ಅಂದಿನಿಂದ ಶಾಂತಕ್ಕನದು ಒಂದೇ ಹಟ. ಜೀಪಿನಲ್ಲಿ ಡಿಫಿಬ್ರಿಲೇಟರ್ ಇರಬೇಕು. ಅಂದರೆ, ಹಳಿ ತಪ್ಪಿದ ಹೃದಯಕ್ಕೆ ಕರೆಂಟ್ ಕೊಟ್ಟು ದಾರಿಗೆ ತರುವ ಡಬ್ಬಿ. ಊರ ಬಾಯಲ್ಲಿ 'ಎದಿ ಮಷೀನ್'. ದುಡ್ಡು ಪಂಚಾಯಿತಿ ಕೊಡಬೇಕು.

ಸಭೆಗೆ ತೋರಿಸಲು ಮಷೀನೇ ಇರಲಿಲ್ಲ. ಅದು ತಾನೇ ಮಾತಾಡಿ, ಏನೇನು ಮಾಡಬೇಕೆಂದು ಹೇಳಿಕೊಡುತ್ತದಂತೆ. "ದನಿ ತಗಿಯೂದು ನಿನಗ ಬರ್ತೈತಲ್ಲೋ, ನೀನ ಮಷೀನ್ ಆಗು" ಎಂದರು ಹವಾಲ್ದಾರರು. (ಮದುವೆ ಮನೆಗಳಲ್ಲಿ ಕತ್ತೆಯಿಂದ ಬೀಗರವರೆಗೆ ಎಲ್ಲರ ದನಿ ತೆಗೆದವನು ನಾನು. ಗಂಟಲು ಹೆಚ್ಚು ಬದಲಿಸಬೇಕಾಗುವುದಿಲ್ಲ.) ಅವರೇ ರೋಗಿಯಾಗಿ ನೆಲದ ಮೇಲೆ ಮಲಗಿದರು. ಊಟದ ಡಬ್ಬಿ ಮಷೀನಾಯಿತು. ಎದೆಗೆ ಅಂಟಿಸುವ ಪಟ್ಟಿ? ಶಾಂತಕ್ಕ ಎರಡು ಹಪ್ಪಳ ತಂದಿದ್ದಳು.

ಪ್ರದರ್ಶನ ಭರ್ಜರಿ. ನಾನು "ಶಾಕ್!" ಎಂದೆ, ಹವಾಲ್ದಾರರು ನೆಗೆದರು, ಒಂದು ಹಪ್ಪಳ ಮುರಿಯಿತು. ಚಪ್ಪಾಳೆಯೋ ಚಪ್ಪಾಳೆ. ಇನ್ನು ಕೈ ಎತ್ತಿದರೆ ಮುಗಿಯಿತು.

ಆಗ ಸದಸ್ಯರೊಬ್ಬರು ಎದ್ದರು. "ಮಷೀನ್ ಭಾಳ ಛಲೋ ಐತ್ರಿ. ಆದ್ರ ಇದರ ಮ್ಯಾಲ ನಮ್ಮ ಹೆಸರು ಎಲ್ಲಿ ಬರೀತೀರಿ?"

ನ್ಯಾಯವಾದ ಪ್ರಶ್ನೆಯೇ! ಬಸ್ ತಂಗುದಾಣಕ್ಕೆ ಹೆಸರು, ಕಲ್ಲು ಬೆಂಚಿಗೆ ಹೆಸರು. ನಮ್ಮೂರ ಶೌಚಾಲಯದ ಗೋಡೆಯ ಮೇಲೆ ಅನುದಾನ ತಂದವರ ಹೆಸರುಗಳೆಲ್ಲ ಬಂದ ಮೇಲೆ 'ಗಂಡಸರು', 'ಹೆಂಗಸರು' ಎಂದು ಬರೆಯಲು ಜಾಗ ಉಳಿಯಲಿಲ್ಲ. ಊಟದ ಡಬ್ಬಿಯಷ್ಟಿರುವ ಮಷೀನಿನ ಮೇಲೆ ಹದಿನೇಳು ಸದಸ್ಯರು ಹಿಡಿಸುತ್ತಾರೆಯೇ?

ಸುಮ್ಮನಿರಬೇಕಿತ್ತು. ಇದ್ದೆನೆ? ಮಷೀನಿನ ದನಿಯಲ್ಲೇ ಶುರು ಹಚ್ಚಿಕೊಂಡೆ: "ದೂರ ಸರಿಯಿರಿ. ಈಗ ನೀಡಲಾಗುವ ಶಾಕ್, ಒಂದನೇ ವಾರ್ಡಿನ ಮಾನ್ಯ ಸದಸ್ಯರ ಕೃಪೆಯಿಂದ..."

ಯಾರೂ ನಗಲಿಲ್ಲ.

"ಹಂಗ ಮಾಡಿಸಾಕ ಬರ್ತೈತೇನೋ ತಮ್ಮಾ?" ಎಂದರು ಆ ಸದಸ್ಯರು. ಮುಖದಲ್ಲಿ ಭಕ್ತಿ!

ಸರಿ, ಯಾರ ಹೆಸರು ಮೊದಲು? ವಾರ್ಡಿನ ಪ್ರಕಾರವೋ, ವಯಸ್ಸಿನ ಪ್ರಕಾರವೋ? ಅಧ್ಯಕ್ಷೆಯ ಹೆಸರಿನ ಬೆನ್ನಿಗೆ ಅವರ ಯಜಮಾನರ ಹೆಸರೂ ಬಂತು. ಪ್ರತಿ ಪಟ್ಟಿಯನ್ನೂ ನಾನು ಮಷೀನಾಗಿ ಓದಿ ತೋರಿಸಬೇಕು. "ನನ್ನ ಹೆಸರಿಗೆ ಒಂದೀಟು ಗತ್ತು ಹಾಕಪಾ" ಎಂದು ಒಬ್ಬರು.

"ನಾ ಏಳ್ಲೇನ್ರಿ?" ನೆಲದಿಂದ ಹವಾಲ್ದಾರರು.

"ಮಲ್ಕೋರಿ, ಇನ್ನಾ ಆರನೇ ವಾರ್ಡ್ ಬಂದಿಲ್ಲ!"

ಕೊನೆಗೆ ಅಧ್ಯಕ್ಷೆ ಗಡಿಯಾರ ನೋಡಿದರು. "ಹೆಸರಿಂದು ಬಗಿಹರಿಯೂ ಮಟ ಈ ಠರಾವು ಮುಂದಿನ ಸಭಾಕ್ಕ ಇಡೂಣ್ರಿ."

ಮುಂದಿನ ಸಭೆ ಯಾವಾಗ? ಅದು ಯಾವ ಪಂಚಾಂಗದಲ್ಲೂ ಇಲ್ಲ. ಅತ್ತ, ಅದೇ ಹೊತ್ತಿಗೆ, ಶಾಂತಕ್ಕನ ಗಂಡ ಅಂಗಡಿಯಲ್ಲಿ ಒಬ್ಬನೇ ಬಜಿ ಕರಿಯುತ್ತಿದ್ದ. ಅವಳ ಮುಖ ನೋಡಿದೆ. ಮಷೀನಾಗಿದ್ದ ಊಟದ ಡಬ್ಬಿಯನ್ನು ಕೆಳಗಿಟ್ಟೆ.

ಅವಳು ಎದ್ದು ನಿಂತು ಒಂದು ಮಾತು ಹೇಳಿದಳು. ಹದಿನೇಳು ಕೈ ಒಟ್ಟಿಗೇ ಮೇಲೆದ್ದವು, ಮಲಗಿದ್ದ ಹವಾಲ್ದಾರರದು ಸೇರಿ ಹದಿನೆಂಟು. ಮಷೀನ್ ತರಬೇಕು, ಹೆಸರು ಯಾರದೂ ಬೇಡ ಎಂದು ಠರಾವು ಪಾಸಾಯಿತು. ಅವಳು ಹೇಳಿದ್ದು ಇಷ್ಟೇ:

"ಓದಸ್ರಿ, ಸಾವಕಾಶ ಓದಸ್ರಿ. ನಿಮ್ಮ ಹೆಸರು ಮುಗಿಯೂದ್ರೊಳಗ ನಮ್ಮ ಮನಿಯವ್ರ ಹೆಸರಿಗೆ ದಿವಂಗತ ಅಂತ ಹಚ್ಚಿರ್ತೀನಿ."